ಎಂಜಿನ್ ಕೈಕೊಟ್ಟಾಗ ವಾಪಸ್ ತಿರುಗಬಾರದೇಕೆ?

ಕಾರ್ಬುರೇಟರ್ ಇರುವ ಹಳೇ ಬೈಕ್ ಓಡಿಸಿದವರಿಗೆ ಮೆಕ್ಯಾನಿಕ್ ಬಾಯಲ್ಲಿ ಬರುವ ಈ ಮಾತು ಗೊತ್ತೇ ಇರುತ್ತದೆ: 'ಜೆಟ್ಟಲ್ಲಿ ಕಸ ಕೂತಿದೆ ಸಾರ್'. ಜೆಟ್ ಅಂದರೆ ನಡುವೆ ಸಣ್ಣ ತೂತಿರುವ ಒಂದು ಪುಟಾಣಿ ತಿರುಪು. ಎಂಜಿನ್‌ಗೆ ಎಷ್ಟು ಪೆಟ್ರೋಲ್ ಹೋಗಬೇಕು ಅನ್ನುವುದು ಆ ತೂತಿನ ಕೈಯಲ್ಲಿದೆ. ಅದು ಕೈಕೊಟ್ಟರೆ ನಾವು ಬೈಕನ್ನು ಬಯ್ದುಕೊಳ್ಳುತ್ತಾ ರಸ್ತೆ ಪಕ್ಕಕ್ಕೆ ತಳ್ಳುತ್ತೇವೆ.

2015ರ ಮಾರ್ಚ್ 5ರಂದು ಹಾಲಿವುಡ್ ನಟ ಹ್ಯಾರಿಸನ್ ಫೋರ್ಡ್ ಅವರಿಗೆ ಕೈಕೊಟ್ಟದ್ದೂ ಇಂಥದ್ದೇ ಒಂದು ಜೆಟ್. ಆದರೆ ಅವರು ಆಗ ಲಾಸ್ ಏಂಜಲೀಸ್ ಮೇಲೆ ಹಾರುತ್ತಿದ್ದರು. ವಿಮಾನ 1942ರ ರಯಾನ್ ಪಿಟಿ-22. ಮೇಲೆ ಮುಚ್ಚಿಗೆಯಿಲ್ಲ, 5 ಸಿಲಿಂಡರಿನ ಎಂಜಿನ್. ಸಾಂತಾ ಮೋನಿಕಾ ನಿಲ್ದಾಣದಿಂದ ಆಗಷ್ಟೇ ಮೇಲೇರಿತ್ತು. ಸಮುದ್ರಮಟ್ಟದಿಂದ ಸುಮಾರು 1,100 ಅಡಿ ಎತ್ತರದಲ್ಲಿ ಎಂಜಿನ್ ಸೋತಿತು.

ಎಂಜಿನ್ ನಿಂತ ಮಾತ್ರಕ್ಕೆ ವಿಮಾನ ಕಲ್ಲಿನ ಹಾಗೆ ಬೀಳುವುದಿಲ್ಲ. ಅದನ್ನು ಎತ್ತಿ ಹಿಡಿಯುವುದು ರೆಕ್ಕೆ. ರೆಕ್ಕೆಗೆ ಬೇಕಾಗಿರುವುದು ಗಾಳಿಯ ವೇಗ. ಮೂಗು ಸ್ವಲ್ಪ ತಗ್ಗಿಸಿದರೆ ವಿಮಾನ ಇಳಿಜಾರಲ್ಲಿ ಎಂಜಿನ್ ಆಫ್ ಮಾಡಿದ ಸ್ಕೂಟರಿನ ಹಾಗೆ ಜಾರುತ್ತಾ ಹೋಗುತ್ತದೆ. ಸೆಸ್ನಾ 172 ಅನ್ನುವ ಪುಟ್ಟ ವಿಮಾನ 1 ಅಡಿ ಇಳಿಯುವಷ್ಟರಲ್ಲಿ ಸುಮಾರು 9 ಅಡಿ ಮುಂದೆ ಹೋಗುತ್ತದೆ. ಅಂದರೆ 900 ಅಡಿ ಎತ್ತರವಿದ್ದರೆ ಹತ್ತಿರ ಹತ್ತಿರ ಎರಡೂವರೆ ಕಿಲೋಮೀಟರ್. ಪರವಾಗಿಲ್ಲ, ಅಲ್ವಾ?

ಆದರೆ ಈ ಲೆಕ್ಕ ನೆಟ್ಟಗೆ ಹೋದರೆ ಮಾತ್ರ. ಆಗ ತಾನೇ ಬಿಟ್ಟು ಬಂದ ರನ್‌ವೇ ಬೆನ್ನ ಹಿಂದೆ ಕರೆಯುತ್ತಿರುತ್ತದೆ. ತಿರುಗೋಣ ಅಂತ ವಿಮಾನವನ್ನು ಒಂದು ಬದಿಗೆ ವಾಲಿಸಿದರೆ ರೆಕ್ಕೆಯ ಬಲವೂ ವಾಲುತ್ತದೆ, ಭಾರ ಹೊರುವ ಪಾಲು ಕಮ್ಮಿಯಾಗುತ್ತದೆ. ಎತ್ತರ ಉಳಿಸಿಕೊಳ್ಳಲು ಪೈಲಟ್ ವಿಮಾನದ ಮೂಗು ಎತ್ತುವ ನಿಯಂತ್ರಣ ಕೋಲನ್ನು ತನ್ನತ್ತ ಎಳೆಯುತ್ತಾನೆ. ಅಪಾಯ ಇರುವುದೇ ಅಲ್ಲಿ. 45 ಡಿಗ್ರಿ ವಾಲಿಸಿ ಹೀಗೆ ಎಳೆದರೆ, ರೆಕ್ಕೆ ಹಿಡಿತ ಕಳೆದುಕೊಳ್ಳುವ ವೇಗ ಶೇ 19ರಷ್ಟು ಏರುತ್ತದೆ. 60 ಡಿಗ್ರಿಯಲ್ಲಿ ಶೇ 41. ಆ ವೇಗಕ್ಕಿಂತ ಕೆಳಗಿಳಿದರೆ ವಿಮಾನ ಸುತ್ತಿಕೊಂಡು ಬೀಳುತ್ತದೆ, ಸಾವರಿಸಿಕೊಳ್ಳಲು ಎತ್ತರವೇ ಇರುವುದಿಲ್ಲ. 180 ಡಿಗ್ರಿ ತಿರುಗಿದರೂ ಸಾಲದು. ಆಗ ವಿಮಾನ ರನ್‌ವೇ ಪಕ್ಕದಲ್ಲಿರುತ್ತದೆ, ಅದರ ನೇರಕ್ಕೆ ಬರಲು ಇನ್ನಷ್ಟು ತಿರುಗಬೇಕು.

ಗಾಳಿಯದ್ದು ಇನ್ನೊಂದು ತಕರಾರು. ವಿಮಾನ ಏರುವುದು ಎದುರುಗಾಳಿಗೆ. ವಾಪಸ್ ಬಂದರೆ ಅದೇ ಗಾಳಿ ಬೆನ್ನಿಗೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಇಳಿಯುವ ವಿಮಾನಕ್ಕೆ 25 ಕಿ.ಮೀ. ಗಾಳಿ ಅಂದುಕೊಳ್ಳಿ. ಎದುರುಗಾಳಿಯಲ್ಲಿ ನೆಲ ಮುಟ್ಟುವುದು 75ರಲ್ಲಿ, ಬೆನ್ನಗಾಳಿಯಲ್ಲಿ 125ರಲ್ಲಿ. ಹೊಡೆತದ ಶಕ್ತಿ ವೇಗದ ವರ್ಗದ ಲೆಕ್ಕದಲ್ಲಿ ಬೆಳೆಯುವುದರಿಂದ ಅದು ಹತ್ತಿರ ಹತ್ತಿರ 3 ಪಟ್ಟು ಜಾಸ್ತಿ. ಪೈಲಟ್‌ಗಳು ಹೀಗೆ ವಾಪಸ್ ತಿರುಗುವುದನ್ನು 'ಅಸಾಧ್ಯ ತಿರುವು' ಅನ್ನುವುದು ಸುಮ್ನೆ ಅಲ್ಲ.

ಫೋರ್ಡ್ ಕೂಡ ಮೊದಲು ವಾಪಸ್ ತಿರುಗಲು ಹೊರಟರು. ನಿಯಂತ್ರಣ ಗೋಪುರಕ್ಕೆ ಹಾಗೇ ಹೇಳಿದರು. ರನ್‌ವೇ ತಲುಪುವಷ್ಟು ಎತ್ತರ ಉಳಿದಿಲ್ಲ ಅಂತ ಗೊತ್ತಾದಾಗ ಅದರ ಆಸೆ ಬಿಟ್ಟರು. ಇಲ್ಲಿ ಅವರನ್ನು ಮೆಚ್ಚಲೇಬೇಕು. ಕೋಲು ಎಳೆದು ಇನ್ನೊಂದಿಷ್ಟು ದೂರ ಹೋಗೋಣ ಅನ್ನದೆ, ಮನೆಗಳ ನಡುವೆ ಕಂಡ ಪೆನ್ಮಾರ್ ಗಾಲ್ಫ್ ಮೈದಾನವನ್ನು ಆರಿಸಿಕೊಂಡರು. ದಾರಿಯಲ್ಲಿ ಮರದ ತುದಿಗೆ ತಗುಲಿ ವಿಮಾನ ನೆಲಕ್ಕೆ ಬಡಿಯಿತು. ಆಗ 72 ವರ್ಷದ ಅವರಿಗೆ ಮೂಳೆಗಳು ಮುರಿದವು, ಜೀವ ಉಳಿಯಿತು. ನೆಲದ ಮೇಲಿದ್ದ ಯಾರಿಗೂ ಏನೂ ಆಗಲಿಲ್ಲ.

ತನಿಖೆಯವರು ಕಾರ್ಬುರೇಟರ್ ಬಿಚ್ಚಿ ನೋಡಿದಾಗ ಮುಖ್ಯ ಜೆಟ್ ತಿರುಪು ಬಿಚ್ಚಿಕೊಂಡು ತನ್ನ ಜಾಗದಿಂದ ಸರಿದಿತ್ತು. ಕಸ ಕೂತರೆ ಪೆಟ್ರೋಲ್ ಕಮ್ಮಿಯಾಗುತ್ತದೆ. ಇಲ್ಲಿ ಆದದ್ದು ಉಲ್ಟಾ. ಪೆಟ್ರೋಲ್ ಮಿತಿಮೀರಿ ನುಗ್ಗಿ, ಉರಿಯಲು ಗಾಳಿ ಸಾಲದೆ, ಚೋಕ್ ಎಳೆದು ಮರೆತ ಸ್ಕೂಟರಿನ ಹಾಗೆ ಎಂಜಿನ್ ಮುಗ್ಗರಿಸಿತ್ತು. ಆ ಕಾರ್ಬುರೇಟರನ್ನು ಬಿಚ್ಚಿ ಜೋಡಿಸಿ ಸುಮಾರು 17 ವರ್ಷವಾಗಿತ್ತು. ಅಷ್ಟೂ ವರ್ಷ ಎಂಜಿನ್ ನಡುಗುತ್ತಿತ್ತು, ತಿರುಪು ಒಳಗೊಳಗೇ ಸಡಿಲವಾಗುತ್ತಿತ್ತು.