ವಾಲ್ವ್ ಹೋಗಿಲ್ಲ, ಕಂಡೆನ್ಸರ್ ಹೋಗಿದೆ

ಪ್ರಶ್ನೆ: ಅಜ್ಜನ ಕಾಲದ ಮರ್ಫಿ ವಾಲ್ವ್ ರೇಡಿಯೋ ಶಿರಸಿ ಮನೆಯ ಅಟ್ಟದಲ್ಲಿದೆ. ಪೇಟೆಯಲ್ಲಿ ತೋರಿಸಿದರೆ ‘ವಾಲ್ವ್ ಹೋಗಿದೆ, ಈಗ ಎಲ್ಲೂ ಸಿಗಲ್ಲ’ ಎನ್ನುತ್ತಾರೆ. ಇದರ ಸರ್ಕ್ಯೂಟ್ ಡಯಾಗ್ರಾಂ ಎಲ್ಲಿ ಸಿಗುತ್ತದೆ?

ಮಳೆಗಾಲ ಮುಗಿದು ಅಟ್ಟ ಗುಡಿಸುವ ಹೊತ್ತಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ಒಮ್ಮೆ ಕುಮಟಾದಿಂದ, ಒಮ್ಮೆ ಯಲ್ಲಾಪುರದಿಂದ. ಮರ್ಫಿ ಹೋಗಿ ಫಿಲಿಪ್ಸ್ ಆಗಿರುತ್ತದೆ, ಬುಷ್ ಆಗಿರುತ್ತದೆ. ‘ವಾಲ್ವ್ ಹೋಗಿದೆ’ ಮಾತ್ರ ಬದಲಾಗುವುದಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಡಯಾಗ್ರಾಂ. ಪ್ಲಗ್ ಕಿತ್ತು ಪಕ್ಕಕ್ಕಿಟ್ಟು, ಹಿಂದಿನ ರಟ್ಟು ಬಿಚ್ಚಿ. ಮಾಡೆಲ್ ನಂಬರ್ ಆ ರಟ್ಟಿನ ಮೇಲೋ ಷಾಸಿಯ, ಅಂದರೆ ಭಾಗಗಳನ್ನು ಕೂರಿಸಿದ ಲೋಹದ ತಟ್ಟೆಯ ಹಿಂಬದಿಯಲ್ಲೋ ಇರುತ್ತದೆ. ಅದನ್ನು ರೇಡಿಯೋಮ್ಯೂಸಿಯಂ ಡಾಟ್ ಆರ್ಗ್‌ನಲ್ಲಿ ಹುಡುಕಿ. ದೇಶ ಭಾರತ ಅಂತ ಆರಿಸಿಕೊಳ್ಳಿ. ಇಂಗ್ಲೆಂಡಿನ ಮರ್ಫಿಯ ಡಯಾಗ್ರಾಂ ಇಳಿಸಿಕೊಂಡು ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಇಲ್ಲಿ ಠಾಣೆಯ ಕಾರ್ಖಾನೆಯಲ್ಲೇ ಮರ್ಫಿ ತಯಾರಾಗುತ್ತಿತ್ತು, ಎರಡೂ ಹೊಂದಬೇಕೆಂದಿಲ್ಲ.

ನಂಬರ್ ಇದ್ದ ಜಾಗವನ್ನು ಇಲಿ ತಿಂದಿದೆಯಾ? ವಾಲ್ವ್‌ಗಳ ಹೆಸರು ಬರೆದುಕೊಳ್ಳಿ. ಇಸಿಎಚ್81, ಇಬಿಎಫ್89, ಇಎಲ್84 ಅಥವಾ ಇಸಿಎಲ್82, ಇಝಡ್80, ಹೀಗೇನಾದರೂ ಇದ್ದರೆ ಅರ್ಧ ಕೆಲಸ ಮುಗಿಯಿತು. ಈ ವಾಲ್ವ್‌ಗಳ ಸೆಟ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ಜಾಡಿನವು. ಒಂದರ ಡಯಾಗ್ರಾಂ ಇನ್ನೊಂದಕ್ಕೆ ದಾರಿ ತೋರಿಸುತ್ತದೆ. ಮೊದಲ ಅಕ್ಷರ ‘ಇ’ ಇದ್ದರೆ 6.3 ವೋಲ್ಟ್ ಹೀಟರ್ (ವಾಲ್ವನ್ನು ಕಾಯಿಸುವ ಒಳತಂತಿ), ಸಾಮಾನ್ಯವಾಗಿ ಒಳಗೆ ಟ್ರಾನ್ಸ್‌ಫಾರ್ಮರ್ ಇರುತ್ತದೆ. ‘ಯು’ ಇದ್ದರೆ, ಅಂದರೆ ಯುಸಿಎಚ್81, ಯುಎಲ್84, ಯುವೈ85 ಥರದವು, ಬಹುತೇಕ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಷಾಸಿಗೇ ಮನೆಯ ಕರೆಂಟು ನೇರವಾಗಿ ಬರುತ್ತದೆ. ಮೊದಲ ರಿಪೇರಿಗೆ ಅಂಥ ಸೆಟ್ ಬೇಡವೇ ಬೇಡ. ಡಿಕೆ96, ಡಿಎಲ್96 ಇದ್ದರೆ ಅದು ಊರಿಗೆ ಕರೆಂಟ್ ಬರುವ ಮೊದಲಿನ ಬ್ಯಾಟರಿ ಸೆಟ್. ಅದರ ಕತೆಯೇ ಬೇರೆ.

ಈಗ ವಾಲ್ವ್‌ಗೆ ಬರೋಣ. ಎಷ್ಟು ಸಲ ಹೇಳಿದರೂ ಜನ ನಂಬುವುದಿಲ್ಲ. ವಾಲ್ವ್ ನೋಡಲು ಬಲ್ಬ್ ಇದ್ದ ಹಾಗಿದೆ, ಬಲ್ಬ್ ಹೋಗುತ್ತದೆ, ಹಾಗಾಗಿ ಇದೂ ಹೋಗಿರಬೇಕು. ಇಷ್ಟೇ ತರ್ಕ. ಸೆಟ್‌ನಲ್ಲಿ ಬೆಸುಗೆ ಬಿಡಿಸದೆ ಕೈಯಲ್ಲಿ ಕಿತ್ತು ಬದಲಾಯಿಸಬಹುದಾದ ಭಾಗವೂ ಅದೇ. ತಪ್ಪು ಅದರ ತಲೆಗೇ ಬರುತ್ತದೆ.

ಷಾಸಿಯನ್ನು ತಲೆಕೆಳಗು ಮಾಡಿ ನೋಡಿ. ಕಂದು ಬಣ್ಣದ, ಬೆರಳಿನಷ್ಟು ದಪ್ಪದ ಕೊಳವೆಗಳು ಕಾಣುತ್ತವೆ. ತುದಿಯಲ್ಲಿ ಮೇಣ ಕರಗಿ ಹನಿಗಟ್ಟಿರುತ್ತದೆ, ಹನಿಗೆ ಧೂಳು, ಜೇಡನ ಬಲೆ, ಕೆಲವೊಮ್ಮೆ ಹಲ್ಲಿ ಮೊಟ್ಟೆಯ ಸಿಪ್ಪೆ ಅಂಟಿರುತ್ತದೆ. ಇವು ಪೇಪರ್ ಕಂಡೆನ್ಸರ್, ಈಗ ಕೆಪಾಸಿಟರ್ ಅನ್ನುತ್ತಾರೆ. ಒಳಗಿರುವುದು ತೆಳು ಲೋಹದ ಹಾಳೆ ಮತ್ತು ಕಾಗದ. ನಮ್ಮ ಜೂನ್–ಸೆಪ್ಟೆಂಬರ್ ತಂಡಿಯಲ್ಲಿ ಅರವತ್ತು ವರ್ಷ ಕೂತ ಕಾಗದ ಏನಾಗಬಹುದು ಹೇಳಿ. ಹಪ್ಪಳದ ಡಬ್ಬಿಯನ್ನೇ ಒಂದು ವಾರ ತೆರೆದಿಡಲು ಆಗುವುದಿಲ್ಲ, ಅಲ್ವಾ?

ಇವುಗಳಲ್ಲಿ ಒಂದು ಕಂಡೆನ್ಸರ್, ಸ್ಪೀಕರ್ ಹಾಡಿಸುವ ಔಟ್‌ಪುಟ್ ವಾಲ್ವ್‌ನ ಗ್ರಿಡ್‌ಗೆ (ವಾಲ್ವ್‌ನ ಕರೆಂಟನ್ನು ಹತೋಟಿಯಲ್ಲಿಡುವ ಜಾಲರಿಗೆ) ಹೋಗುತ್ತದೆ. ಹಿಂದಿನ ಹಂತದ ಹೈ ವೋಲ್ಟೇಜನ್ನು ತಡೆದು ಧ್ವನಿಯನ್ನಷ್ಟೇ ದಾಟಿಸುವುದು ಅದರ ಕೆಲಸ. ಅದು ಲೀಕ್ ಆದರೆ ಗ್ರಿಡ್‌ಗೆ ಪಾಸಿಟಿವ್ ವೋಲ್ಟ್ ಬರುತ್ತದೆ. ವಾಲ್ವ್ ಮಿತಿ ಮೀರಿ ಕರೆಂಟ್ ಎಳೆಯುತ್ತದೆ, ಒಳಗಿನ ಪ್ಲೇಟು ಕೆಂಪಾಗುತ್ತದೆ, ಕೊನೆಗೆ ಕೂದಲಿನಂಥ ತಂತಿ ಸುತ್ತಿದ ಔಟ್‌ಪುಟ್ ಟ್ರಾನ್ಸ್‌ಫಾರ್ಮರೂ ಸುಡುತ್ತದೆ. ಆಗ ‘ವಾಲ್ವ್ ಹೋಗಿದೆ’ ಅಂತ ಹೊಸದು ಹಾಕುತ್ತಾರೆ. ಅದೂ ಕೆಂಪಾಗುತ್ತದೆ. ‘ಡೂಪ್ಲಿಕೇಟ್ ವಾಲ್ವ್ ಕೊಟ್ಟ’ ಅಂತ ಅಂಗಡಿಯವನಿಗೆ ಬೈಗುಳ. ಹತ್ತಿಪ್ಪತ್ತು ರೂಪಾಯಿಯ ಕಂಡೆನ್ಸರ್ ಆರಾಮಾಗಿ ಕೂತಿರುತ್ತದೆ.

ನಂಬಿಕೆ ಬರದಿದ್ದರೆ ನೀವೇ ನೋಡಿ. ಮೇಲೆ ಹೇಳಿದ ‘ಇ’ ವಾಲ್ವ್‌ಗಳಿಗೆ ಒಂಬತ್ತು ಕಾಲು. ವಾಲ್ವನ್ನು ಕಿತ್ತು ಕೆಳಗಿನಿಂದ ನೋಡುತ್ತ, ಕಾಲುಗಳ ನಡುವಿನ ದೊಡ್ಡ ಸಂದಿನಿಂದ ಗಡಿಯಾರದ ದಿಕ್ಕಿನಲ್ಲಿ ಎಣಿಸಿ. ನಾಲ್ಕು ಮತ್ತು ಐದನೇ ಕಾಲಿಗೆ ಮೀಟರ್ ಇಟ್ಟಾಗ ಕೆಲವೇ ಓಮ್ ತೋರಿಸಿದರೆ ಹೀಟರ್ ಸರಿಯಿದೆ. ಗಾಜಿನ ಒಳಮೈಗೆ ಬಳಿದಂತಿರುವ ಕನ್ನಡಿ ಬಣ್ಣವನ್ನೂ ನೋಡಿ. ಬೆಳ್ಳಗೆ, ಸುಣ್ಣದಂತಾಗಿದ್ದರೆ ಒಳಗೆ ಗಾಳಿ ಹೋಗಿದೆ, ಆ ವಾಲ್ವ್ ನಿಜಕ್ಕೂ ಸತ್ತಿದೆ. ಹೊಳಪು ಇದ್ದರೆ, ಹೀಟರೂ ಇದ್ದರೆ, ಅದು ಕೆಲಸ ಮಾಡುವ ಸಾಧ್ಯತೆಯೇ ಜಾಸ್ತಿ. ವಾಲ್ವ್ ಸವೆಯುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಸವೆದ ವಾಲ್ವೂ ಸಣ್ಣಗೆ ಹಾಡುತ್ತದೆ, ಒಂದೇ ಸಲ ಮೂಕಾಗುವುದು ಕಡಿಮೆ.

‘ಸಿಗಲ್ಲ’ ಅನ್ನುವುದೂ ಸುಳ್ಳೇ. ಬೆಂಗಳೂರಿನ ಬಿಇಎಲ್ 1960ರ ದಶಕದಲ್ಲಿ ರೇಡಿಯೋ ವಾಲ್ವ್‌ಗಳನ್ನು ತಯಾರಿಸಿತ್ತು. ಆ ಹಳೇ ಸ್ಟಾಕ್ ಈಗಲೂ ಕೈ ಬದಲಾಯಿಸುತ್ತಿದೆ. ಇಎಲ್84 ಅಂತೂ ಗಿಟಾರ್ ಆಂಪ್ಲಿಫೈಯರ್‌ಗಾಗಿ ಇವತ್ತಿಗೂ ಹೊಸದಾಗಿ ತಯಾರಾಗುತ್ತದೆ.

ಹಾಗಾಗಿ ಮೊದಲ ಕೆಲಸ ಪೇಪರ್ ಕಂಡೆನ್ಸರ್‌ಗಳನ್ನು ಬದಲಾಯಿಸುವುದು. ಹಳೆಯದರಲ್ಲಿದ್ದಷ್ಟೇ ಮೈಕ್ರೋಫ್ಯಾರಡ್‌ನ, 630 ವೋಲ್ಟಿನ ಪಾಲಿಯೆಸ್ಟರ್ ಕಂಡೆನ್ಸರ್ ಸಾಕು. ದೊಡ್ಡ ಎಲೆಕ್ಟ್ರೋಲೈಟಿಕ್ ಕಂಡೆನ್ಸರ್‌ಗೆ 450 ವೋಲ್ಟಿನದು ಹಾಕಿ, ಪ್ಲಸ್ ಮೈನಸ್ ನೋಡಿಕೊಳ್ಳಿ. ‘ದೊಡ್ಡದು ಹಾಕಿದರೆ ಗುಂಯ್ ಶಬ್ದ ಹೋಗುತ್ತೆ’ ಅಂತ ಮೊದಲ ಫಿಲ್ಟರ್ ಕಂಡೆನ್ಸರ್‌ಗೆ 100 ಮೈಕ್ರೋಫ್ಯಾರಡ್ ಹಾಕಬೇಡಿ, ಎಸಿಯನ್ನು ಡಿಸಿ ಮಾಡುವ ಇಝಡ್80 ತಡೆಯುವುದು 50 ಮೈಕ್ರೋಫ್ಯಾರಡ್‌ವರೆಗೆ. ಸ್ಟೇಷನ್‌ಗಳನ್ನು ಬೇರ್ಪಡಿಸಲು ಕಾರ್ಖಾನೆಯಲ್ಲೇ ಹೊಂದಿಸಿಟ್ಟ ಐಎಫ್ ಕಾಯಿಲ್‌ಗಳ ತಿರುಪು ಮುಟ್ಟಲೇಬೇಡಿ. ಮೊದಲ ಸಲ ಕರೆಂಟ್ ಕೊಡುವಾಗ ಹಳೇ ತಂತಿ ಬಲ್ಬ್ ಒಂದನ್ನು ಸೀರೀಸ್‌ನಲ್ಲಿ ಹಾಕಿ. ಎಲ್‌ಇಡಿ ನಡೆಯಲ್ಲ. ಬಲ್ಬ್ ಜೋರಾಗಿ ಉರಿದೇ ಉರಿದರೆ ಎಲ್ಲೋ ಶಾರ್ಟ್ ಇದೆ. ಆಫ್ ಮಾಡಿದ ಮೇಲೂ ಕಂಡೆನ್ಸರ್‌ನಲ್ಲಿ 250 ವೋಲ್ಟಿನಷ್ಟು ಉಳಿದಿರಬಹುದು. ರೆಸಿಸ್ಟರ್ ಇಟ್ಟು ಇಳಿಸಿ, ಮೀಟರಿನಲ್ಲಿ ನೋಡಿಯೇ ಕೈ ಹಾಕಿ.

ಇಷ್ಟೆಲ್ಲ ಮಾಡಿ ಏನು ಕೇಳುವುದು ಅಂತ ಯಾರೂ ಮೊದಲು ಕೇಳುವುದಿಲ್ಲ. ರಿಪೇರಿ ಆದ ಮೇಲೆ ‘ಕಾರವಾರ ಸ್ಟೇಷನ್ ಬರ್ತಾನೇ ಇಲ್ಲ’ ಅಂತ ದೂರು ಬರುತ್ತದೆ. ಕಾರವಾರ ಆಕಾಶವಾಣಿ ಇರುವುದು 102.3 ಎಫ್‌ಎಂನಲ್ಲಿ. ನಿಮ್ಮ ಸೆಟ್‌ನಲ್ಲಿರುವುದು ಮೀಡಿಯಂ ವೇವ್ ಮತ್ತು ಶಾರ್ಟ್ ವೇವ್. ಹುಡುಕಬೇಕಾದದ್ದು ಧಾರವಾಡದ 765 ಕಿಲೋಹರ್ಟ್ಜ್, ಭದ್ರಾವತಿಯ 675. ಡಯಲ್‌ನಲ್ಲಿ ಮೀಟರ್ ಲೆಕ್ಕ ಇದ್ದರೆ 3,00,000ವನ್ನು ಕಿಲೋಹರ್ಟ್ಜ್‌ನಿಂದ ಭಾಗಿಸಿ: ಧಾರವಾಡ 392ರ ಹತ್ತಿರ, ಭದ್ರಾವತಿ 444ರ ಹತ್ತಿರ. ಕತ್ತಲಾದ ಮೇಲೆ ಮೀಡಿಯಂ ವೇವ್ ಆಕಾಶದಿಂದ ಪ್ರತಿಫಲಿಸಿ ದೂರ ಬರುತ್ತದೆ. ಕರಾವಳಿಯಲ್ಲಿ ಅರಬ್ಬಿ ಸಮುದ್ರದ ಆಚೆಯ ಸ್ಟೇಷನ್ ಕೇಳಿಸಿದರೆ ರಿಪೇರಿ ತಪ್ಪಾಗಿದೆ ಎಂದುಕೊಳ್ಳಬೇಡಿ. ಬರೀ ಗರಗರ ಅಂದರೆ ಮನೆಯ ಎಲ್‌ಇಡಿ ಬಲ್ಬ್, ಮೊಬೈಲ್ ಚಾರ್ಜರ್ ಆರಿಸಿ, ಹೊರಗೆ ಒಂದು ಉದ್ದ ಏರಿಯಲ್ ತಂತಿ ಎಳೆಯಿರಿ. ಗುಡುಗು ಶುರುವಾಗುವ ಮೊದಲೇ ಅದನ್ನು ಬಿಚ್ಚಿಡಿ.