ಟೆಸ್ಟೋಸ್ಟಿರಾನ್ ಚುಚ್ಚುಮದ್ದಿನ ಜೊತೆಗೆ ಈಸ್ಟ್ರೋಜನ್ ಇಳಿಸುವ ಮಾತ್ರೆ ಬೇಕೇ?

ಪ್ರಶ್ನೆ: ನಾನು ಕುಮಟಾದವನು, ವಯಸ್ಸು 46. ಟೆಸ್ಟೋಸ್ಟಿರಾನ್ ಕೊರತೆಗೆ ಮೂರು ವಾರಕ್ಕೊಮ್ಮೆ 250 ಮಿಲಿಗ್ರಾಂ ಚುಚ್ಚುಮದ್ದು ತೆಗೆದುಕೊಳ್ಳುತ್ತಿದ್ದೇನೆ. ಈಚಿನ ವರದಿಯಲ್ಲಿ ಎಸ್ಟ್ರಡಯಾಲ್ (ಈಸ್ಟ್ರೋಜನ್ನಿನ ಮುಖ್ಯ ಬಗೆ) 52 ಎಂದಿದೆ. ಬೇರೆ ತೊಂದರೆಯೇನೂ ಇಲ್ಲ. ಜಿಮ್ಮಿನ ಗೆಳೆಯರು ಈಸ್ಟ್ರೋಜನ್ ಇಳಿಸುವ ಅನಾಸ್ಟ್ರೋಜೋಲ್ ಮಾತ್ರೆ ನುಂಗಲು ಹೇಳುತ್ತಿದ್ದಾರೆ. ನುಂಗಬಹುದೇ?

ಉತ್ತರ: ಬೇಡ. ತೊಂದರೆಯೇ ಇಲ್ಲದಿರುವಾಗ ವರದಿಯ ಒಂದು ಅಂಕಿಗೆ ಹೆದರಿ ಆ ಮಾತ್ರೆಯನ್ನು ಆರಂಭಿಸಬಾರದು.

ಎಸ್ಟ್ರಡಯಾಲ್ ಹೆಂಗಸರದಷ್ಟೇ ಅಲ್ಲ, ಗಂಡಸಿನ ದೇಹಕ್ಕೂ ಬೇಕಾದ ಹಾರ್ಮೋನು. ಹೊರಗಿನಿಂದ ಕೊಟ್ಟ ಟೆಸ್ಟೋಸ್ಟಿರಾನಿನ ಒಂದು ಪಾಲನ್ನು, ಮುಖ್ಯವಾಗಿ ಕೊಬ್ಬಿನ ಅಂಗಾಂಶದಲ್ಲಿರುವ ಅರೋಮಟೇಸ್ ಎಂಬ ಕಿಣ್ವ ಎಸ್ಟ್ರಡಯಾಲ್ ಆಗಿ ಮಾರ್ಪಡಿಸುತ್ತದೆ; ಹೊಟ್ಟೆಯ ಬೊಜ್ಜು ಹೆಚ್ಚಿದ್ದವರಲ್ಲಿ ಈ ಮಾರ್ಪಾಡೂ ಹೆಚ್ಚು. ಈಸ್ಟ್ರೋಜನ್ನಿಗೆ ದೇಹವೇ ಸ್ಪಂದಿಸದ 28 ವರ್ಷದ ಪುರುಷನೊಬ್ಬನ ವಿವರ 1994ರಲ್ಲಿ ಪ್ರಕಟವಾಯಿತು: ಟೆಸ್ಟೋಸ್ಟಿರಾನ್ ಸಾಕಷ್ಟಿದ್ದರೂ ಅವನ ಮೂಳೆಗಳು ಟೊಳ್ಳಾಗಿದ್ದವು, ಎಲುಬಿನ ತುದಿಗಳು ಕೂಡಿಕೊಳ್ಳದೆ ಎತ್ತರ 204 ಸೆಂಟಿಮೀಟರ್‌ಗೆ ಏರಿತ್ತು. 2013ರ ಅಧ್ಯಯನವೊಂದರಲ್ಲಿ, ಟೆಸ್ಟೋಸ್ಟಿರಾನ್ ಕೊಡುತ್ತಲೇ ಅನಾಸ್ಟ್ರೋಜೋಲಿನಿಂದ ಈಸ್ಟ್ರೋಜನ್ ತಡೆದಾಗ ಗಂಡಸರ ಮೈಕೊಬ್ಬು ಹೆಚ್ಚಿತು, ಕಾಮಾಸಕ್ತಿ ಕುಗ್ಗಿತು. ಚಿಕಿತ್ಸೆಯಿಂದ ನೀವು ಬಯಸುವುದನ್ನೇ ಈ ಮಾತ್ರೆ ಕಿತ್ತುಕೊಳ್ಳಬಹುದೆಂಬ ಕಾರಣಕ್ಕೇ ನಾನು ಇಷ್ಟು ಒತ್ತಿ ಹೇಳುತ್ತಿದ್ದೇನೆ. ಅದು ಮೂಲತಃ ಮುಟ್ಟು ನಿಂತ ಹೆಂಗಸರ ಸ್ತನ ಕ್ಯಾನ್ಸರಿಗಾಗಿ ಒಪ್ಪಿಗೆ ಪಡೆದ ಔಷಧ.

ಇನ್ನು ಆ 52ನ್ನೇ ನೋಡೋಣ. ವರದಿಯಲ್ಲಿ ಅಂಕಿಯ ಪಕ್ಕ ಸಣ್ಣ ಅಕ್ಷರದಲ್ಲಿ ಪರೀಕ್ಷಾ ವಿಧಾನವನ್ನು ಬರೆದಿರುತ್ತಾರೆ. ಅಲ್ಲಿ ‘ಇಮ್ಯುನೋ ಅಸ್ಸೇ’ ಎಂದಿದ್ದರೆ, ಹೆಂಗಸರಲ್ಲಿರುವ ಹೆಚ್ಚಿನ ಮಟ್ಟಕ್ಕೆ ಹೊಂದುವ ಆ ವಿಧಾನ ಗಂಡಸಿನ ಕಡಿಮೆ ಮಟ್ಟವನ್ನು ತಪ್ಪಾಗಿ ತೋರಿಸಬಹುದು. ಮಾಸ್ ಸ್ಪೆಕ್ಟ್ರೋಮೆಟ್ರಿ ವಿಧಾನ ಹೆಚ್ಚು ನಂಬಲರ್ಹ. ಶಿರಸಿಯಲ್ಲೋ ಕಾರವಾರದಲ್ಲೋ ರಕ್ತ ಕೊಡುವಾಗಲೇ ಮಾದರಿಯನ್ನು ಎಲ್ಲಿಗೆ ಕಳಿಸುತ್ತೀರಿ, ಯಾವ ವಿಧಾನದಲ್ಲಿ ನೋಡುತ್ತೀರಿ ಎಂದು ಲ್ಯಾಬಿನವರನ್ನು ಕೇಳಿ. ರಕ್ತ ಕೊಟ್ಟ ದಿನವೂ ಮುಖ್ಯ: ಚುಚ್ಚುಮದ್ದಿನ ನಂತರದ ಮೊದಲ ದಿನಗಳಲ್ಲಿ ಟೆಸ್ಟೋಸ್ಟಿರಾನ್ ಜಿಗಿಯುತ್ತದೆ, ಅದರ ಬೆನ್ನಿಗೇ ಎಸ್ಟ್ರಡಯಾಲ್ ಕೂಡ. ಚುಚ್ಚುಮದ್ದಿನ ಮತ್ತು ಪರೀಕ್ಷೆಯ ತಾರೀಖುಗಳೆರಡನ್ನೂ ಚೀಟಿಯ ಮೇಲೆ ಬರೆದಿಡಿ.

ಮೊಲೆತೊಟ್ಟಿನ ಕೆಳಗೆ ನೋವು, ಪಾದದಲ್ಲಿ ಬಾವು ಮುಂತಾದ ತೊಂದರೆ ಕಾಣಿಸಿದರೂ ಮೊದಲ ಹೆಜ್ಜೆ ಮಾತ್ರೆಯಲ್ಲ. ಅದೇ ಔಷಧವನ್ನು ಕಡಿಮೆ ಪ್ರಮಾಣದಲ್ಲಿ, ಕಡಿಮೆ ಅಂತರದಲ್ಲಿ ಕೊಡುವುದು, ಇಲ್ಲವೇ ಜೆಲ್‌ಗೆ ಬದಲಾಯಿಸುವುದು ಆ ಜಿಗಿತವನ್ನು ತಗ್ಗಿಸುತ್ತದೆ. ತೂಕ ಇಳಿಸಿ, ಮದ್ಯಪಾನ ಬಿಟ್ಟರೆ ಅದೂ ನೆರವಾಗುತ್ತದೆ. ಇವನ್ನೆಲ್ಲ ವೈದ್ಯರೇ ನಿರ್ಧರಿಸಲಿ. ಹಾರ್ಮೋನು ತಜ್ಞರಿಗಾಗಿ ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋಗಬೇಕಾದರೆ ಹಳೆಯ ವರದಿಗಳನ್ನೆಲ್ಲ ಜೊತೆಗೆ ಒಯ್ಯಿರಿ, ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಇರುವುದನ್ನೂ ಬಿಡಬೇಡಿ. ಅದು 54 ಶೇಕಡಾ ದಾಟಿದರೆ ಚುಚ್ಚುಮದ್ದನ್ನೇ ತಡೆಹಿಡಿಯುತ್ತಾರೆ. ಇನ್ನೂ ಮಕ್ಕಳು ಬೇಕೆಂದಿದ್ದರೆ ಅದನ್ನೂ ಮುಚ್ಚಿಡದೆ ತಿಳಿಸಿ, ಏಕೆಂದರೆ ಈ ಚಿಕಿತ್ಸೆ ವೀರ್ಯಾಣುಗಳ ಉತ್ಪತ್ತಿಯನ್ನು ಕುಗ್ಗಿಸುತ್ತದೆ.

ಒಂದೇ ಬದಿಯ ಎದೆಯಲ್ಲಿ ಗಟ್ಟಿ ಗಂಟು ಸಿಕ್ಕರೆ ಅಥವಾ ತೊಟ್ಟಿನಿಂದ ರಕ್ತ ಬಂದರೆ ಮಾತ್ರ ಹಾರ್ಮೋನಿನದೇ ಕೆಲಸವೆಂದು ಕಾಯದೆ, ಆ ವಾರವೇ ಶಸ್ತ್ರಚಿಕಿತ್ಸಕರಿಗೆ ತೋರಿಸಿ.