ಎಲೆ ಹಳದಿಯಾದರೆ ಗೊಬ್ಬರದ ಡಬ್ಬಿ ಮೂಸಿ ನೋಡಿ

ಹೊಸದಾಗಿ ಕೈತೋಟ ಶುರು ಮಾಡಿದವರು ನನಗೆ ಕಳಿಸುವ ಫೋಟೊಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಕುಂಡದಲ್ಲಿ ಗೇಣುದ್ದದ ಟೊಮೆಟೊ ಸಸಿ, ಕೆಳಗಿನ ಎಲೆಗಳೆಲ್ಲ ಹಳದಿ. ಜೊತೆಗೊಂದು ಪ್ರಶ್ನೆ: ‘ಮನೆಯಲ್ಲೇ ಮಾಡಿದ ಕಾಂಪೋಸ್ಟ್ ಧಾರಾಳವಾಗಿ ಹಾಕಿದ್ದೇನೆ. ಇನ್ನೂ ಸ್ವಲ್ಪ ಹಾಕಲೇ?’ ಬೇಡ ಎನ್ನುತ್ತೇನೆ. ಮೊದಲು ಡಬ್ಬಿಯ ಮುಚ್ಚಳ ತೆಗೆದು ಮೂಸಿ ನೋಡಿ.

ಪೂರ್ತಿ ಮಾಗದ ಗೊಬ್ಬರದಲ್ಲಿ ಸೂಕ್ಷ್ಮಜೀವಿಗಳ ಊಟ ಇನ್ನೂ ಮುಗಿದಿರುವುದಿಲ್ಲ. ತರಗೆಲೆ, ಕಾಗದ, ಮರದ ಪುಡಿಯಲ್ಲಿರುವ ಇಂಗಾಲವನ್ನು ಅರಗಿಸಿಕೊಳ್ಳಲು ಅವಕ್ಕೆ ಸಾರಜನಕ ಬೇಕು. ಗೊಬ್ಬರದಲ್ಲಿ ಇರುವುದು ಸಾಲದಿದ್ದರೆ ಕುಂಡದ ಮಣ್ಣಿನಿಂದ ಕಿತ್ತುಕೊಳ್ಳುತ್ತವೆ. ಬೇರಿಗೆ ಏನೂ ಉಳಿಯುವುದಿಲ್ಲ. ಆಗ ಗಿಡ ಹಳೆಯ ಎಲೆಗಳಲ್ಲಿದ್ದ ಸಾರಜನಕವನ್ನೇ ಹೊಸ ಚಿಗುರಿಗೆ ಸಾಗಿಸುತ್ತದೆ. ಅದಕ್ಕೇ ಹಳದಿ ಕೆಳಗಿನಿಂದ ಮೇಲಕ್ಕೆ ಏರುತ್ತದೆ. ನಾನೂ ಮೊದಲ ವರ್ಷ ಇದೇ ಅವಸರ ಮಾಡಿ ಎರಡು ಸಾಲು ಬೀನ್ಸ್ ಕಳೆದುಕೊಂಡವನೇ.

ಹಾಗಾಗಿ ಬೀಜದ ಪೊಟ್ಟಣ ತರುವ ಎರಡು-ಮೂರು ತಿಂಗಳು ಮೊದಲೇ ಕಾಂಪೋಸ್ಟ್ ಶುರುವಾಗಿರಲಿ. ಇಂಗಾಲ 25ರಿಂದ 30 ಪಾಲು, ಸಾರಜನಕ 1 ಪಾಲು ಇದ್ದರೆ ಕೊಳೆಯುವಿಕೆ ಚೆನ್ನಾಗಿ ಸಾಗುತ್ತದೆ. ಮನೆಯಲ್ಲಿ ಇದನ್ನೆಲ್ಲ ತೂಗುತ್ತಾ ಕೂರಬೇಕಿಲ್ಲ. ಒಂದು ಬೋಗುಣಿ ತರಕಾರಿ ಸಿಪ್ಪೆಗೆ ಎರಡು ಬೋಗುಣಿ ಪುಡಿಮಾಡಿದ ಒಣ ಎಲೆ ಹಾಕಿ, ಉಳಿದದ್ದನ್ನು ಮೂಗು ಹೇಳುತ್ತದೆ. ಮೂಗಿಗೆ ಅಡರುವ ಅಮೋನಿಯಾ ಘಾಟು ಬಂದರೆ ಒಣ ಎಲೆ ಸಾಲದು. ಕೊಳೆತ ಮೊಟ್ಟೆಯ ನಾತ ಬಂದರೆ ಒಳಗೆ ಗಾಳಿಯಿಲ್ಲ, ಕೆದಕಿ ತಿರುವಿಹಾಕಿ. ಒಂದು ಹಿಡಿ ತೆಗೆದು ಹಿಂಡಿದಾಗ ಒಂದೆರಡು ಹನಿಯಷ್ಟೇ ಜಿನುಗಿದರೆ ತೇವ ಸರಿಯಿದೆ.

ದೊಡ್ಡ ರಾಶಿಯಾದರೆ ಒಳಗಿನ ಬಿಸಿ 55 ಡಿಗ್ರಿ ಸೆಲ್ಸಿಯಸ್ ದಾಟಿ ಕಳೆಬೀಜ, ರೋಗಾಣುಗಳನ್ನು ಕೊಲ್ಲುತ್ತದೆ. ಮನೆಯ ಡಬ್ಬಿ ಅಷ್ಟು ಕಾಯುವುದು ಅಪರೂಪ. ರೋಗ ಬಂದ ಗಿಡ, ಬೀಜ ಕಟ್ಟಿದ ಕಳೆಯನ್ನು ಅದರೊಳಗೆ ಹಾಕಲೇಬೇಡಿ.

ಮಾಗಿದೆಯೇ ಎಂದು ತಿಳಿಯಲು ಮೂಲಂಗಿ ಬೀಜಕ್ಕಿಂತ ಒಳ್ಳೆಯ ಪರೀಕ್ಷಕ ನನಗೆ ಸಿಕ್ಕಿಲ್ಲ. ಒಂದು ಲೋಟಕ್ಕೆ ಬರೀ ಮಣ್ಣು, ಇನ್ನೊಂದಕ್ಕೆ ಅರ್ಧ ಮಣ್ಣು ಅರ್ಧ ಗೊಬ್ಬರ ತುಂಬಿ, ಎರಡರಲ್ಲೂ ಹತ್ತತ್ತು ಬೀಜ ಊರಿ. ವಾರದೊಳಗೆ ಎರಡೂ ಕಡೆ ಒಂದೇ ಥರ ಮೊಳೆತರೆ ಗೊಬ್ಬರ ಸಿದ್ಧ. ಗೊಬ್ಬರದ ಲೋಟದಲ್ಲಿ ಮೊಳಕೆ ಕಡಿಮೆಯಾದರೆ, ಬೇರಿನ ತುದಿ ಕಂದಿದರೆ, ಇನ್ನೂ ಕೆಲವು ವಾರ ಬಿಡಿ. ಮಾಗಿದ ಗೊಬ್ಬರವನ್ನೂ ಕುಂಡಕ್ಕೆ ಮಿಶ್ರಣದ ಮೂರು ಅಥವಾ ನಾಲ್ಕರಲ್ಲಿ ಒಂದು ಪಾಲು ಹಾಕಿದರೆ ಸಾಕು.

ಕುಂಡದ ತಳಕ್ಕೆ ಜಲ್ಲಿ ಹಾಕುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ನೀರು ಸಣ್ಣ ಕಣದ ಮಣ್ಣಿನಿಂದ ದಪ್ಪ ಜಲ್ಲಿಗೆ ಸುಲಭವಾಗಿ ಇಳಿಯದೆ ಮಣ್ಣಿನ ಅಡಿಯಲ್ಲೇ ನಿಲ್ಲುತ್ತದೆ. ಜಲ್ಲಿ ಹಾಕಿದಷ್ಟೂ ಆ ಕೆಸರು ಬೇರಿನ ಹತ್ತಿರಕ್ಕೆ ಬರುತ್ತದೆ. ತೂತಿನ ಮೇಲೊಂದು ಬಲೆಯ ತುಂಡು ಇಟ್ಟರೆ ಆಯಿತು.

ನೀರಿಗೆ ಗಡಿಯಾರ ನೋಡಬೇಡಿ. ಬೆರಳನ್ನು ಎರಡು ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ, ಒಣಗಿದ್ದರೆ ಮಾತ್ರ ಹಾಕಿ. ಟೊಮೆಟೊ, ಬದನೆಯಂಥ ಕಾಯಿ ಬಿಡುವ ಗಿಡಕ್ಕೆ ದಿನಕ್ಕೆ ಕನಿಷ್ಠ ಆರು ಗಂಟೆ ನೇರ ಬಿಸಿಲು ಬೇಕು. ಅಷ್ಟು ಇಲ್ಲದ ಜಾಗದಲ್ಲಿ ಸೊಪ್ಪು ಬಿತ್ತಿ.

ಹುಳದ ಭಯಕ್ಕೆ ಬೇವಿನ ಎಣ್ಣೆಯಿದೆ: ಲೀಟರ್ ನೀರಿಗೆ 5 ಮಿಲಿ, ಬೆರೆಯಲು ಕೊಂಚ ಸೋಪಿನ ದ್ರಾವಣ, ಸಿಂಪಡಣೆ ಸಂಜೆ. ಅದು ಮುಖ್ಯವಾಗಿ ಹುಳ ಪೊರೆ ಬಿಟ್ಟು ಬೆಳೆಯುವುದನ್ನು ತಡೆಯುತ್ತದೆ, ತಕ್ಷಣ ಸಾಯಿಸುವುದಿಲ್ಲ. ಮರುದಿನವೇ ಹುಳ ಓಡಾಡುತ್ತಿದೆಯೆಂದು ಪ್ರಮಾಣ ಹೆಚ್ಚಿಸಿದರೆ ಎಲೆ ಸುಡುತ್ತದೆ. ಸಿಂಪಡಿಸುವ ಮೊದಲು ಎಲೆಯಡಿಯನ್ನು ಒಮ್ಮೆ ನೋಡಿ. ಅಲ್ಲಿ ಪುಟ್ಟ ಮೊಸಳೆಯಂಥ, ಕಪ್ಪು ಮೈಗೆ ಕಿತ್ತಳೆ ಚುಕ್ಕೆಯ ಮರಿಯೊಂದು ಹರಿದಾಡುತ್ತಿದ್ದರೆ ಹೊಸಕಬೇಡಿ. ಅದು ಗುಲಗಂಜಿ ಹುಳದ ಮರಿ, ಗಿಡಹೇನು ತಿನ್ನಲು ಬಂದಿದೆ. ಪಂಪನ್ನು ವಾಪಸ್ ಇಟ್ಟು ಒಂದು ವಾರ ಕಾಯಿರಿ.